ಇಬ್ಬರು ಸೇರಿ ನೋಡಿದ ಹಕ್ಕಿ

ನಮ್ಮ ಬಾಲ್ಕನಿಯ ದಾಸವಾಳದ ಕುಂಡಕ್ಕೆ ಪ್ರತಿವರ್ಷ, ಚಳಿ ಮುಗಿದು ಬಿಸಿಲು ಇನ್ನೂ ಸಭ್ಯತೆಯ ಎಲ್ಲೆಯೊಳಗೇ ಇರುವ ದಿನಗಳಲ್ಲಿ, ಒಂದು ಸೂರಕ್ಕಿ ಬರುತ್ತದೆ. ನೆರಳಿನಲ್ಲಿ ಕಪ್ಪು, ಬಿಸಿಲಿಗೆ ತಿರುಗಿದರೆ ನೇರಳೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದು ರೆಂಬೆಯ ತುದಿಯಲ್ಲಿ ಕುಳಿತು ಎದೆ ಉಬ್ಬಿಸಿ, ಕೊಕ್ಕು ತೆರೆದು, ಗಂಟಲನ್ನು ಗಡಗಡನೆ ನಡುಗಿಸಿ, ಆಮೇಲೆ ಏನೂ ಮಾಡದೆ ಹಾರಿಹೋಗುತ್ತಿತ್ತು. ಇದೆಂಥ ಸಂಕೋಚದ ಗವಾಯಿ, ತಾನದ ತಯಾರಿಯೆಲ್ಲ ನಡೆಸಿ ಕಚೇರಿಯನ್ನೇ ರದ್ದು ಮಾಡುತ್ತದಲ್ಲ ಎಂದು ನಾನು ಎರಡು ವಸಂತಗಳ ಕಾಲ ಅದರ ಮೇಲೆ ಕನಿಕರ ಪಟ್ಟುಕೊಂಡಿದ್ದೆ. ಮೂರನೆಯ ವಸಂತದಲ್ಲಿ ಮನೆಗೆ ಬಂದಿದ್ದ ನನ್ನ ತಂಗಿ ಚಹಾದ ಕಪ್ಪನ್ನು ತುಟಿಯ ಬಳಿಯೇ ತಡೆದು, ಎಷ್ಟು ಜೋರಾಗಿ ಹಾಡುತ್ತದೆ ನೋಡು ಈ ಪುಟ್ಟ ಹಕ್ಕಿ ಎಂದಾಗ, ಕನಿಕರಕ್ಕೆ ಪಾತ್ರರಾಗಬೇಕಾದವರು ಯಾರೆಂಬುದು ತಿಳಿಯಿತು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ತಗ್ಗಿನ ದನಿಗಳೆಲ್ಲ ಸರಿಯಾಗಿ ಕೇಳಿಸುತ್ತಿವೆ, ತೀರ ಮೇಲಿನ ಸ್ವರಗಳು ಮಾತ್ರ ಹೊರಟುಹೋಗಿವೆ ಎಂದರು. ಹೈಸ್ಕೂಲಿನಲ್ಲಿ ಮೂರು ದಶಕ ಕನ್ನಡ ವ್ಯಾಕರಣ ಕಲಿಸಿದವಳು ನಾನು. ಸಂಧಿ ಸಮಾಸಗಳನ್ನು ಕೇಳಲೊಲ್ಲದ ಮಕ್ಕಳ ಗದ್ದಲವನ್ನು ಅಷ್ಟು ವರ್ಷ ಕೇಳಿಸಿಕೊಂಡ ಕಿವಿಗಳು, ನಿವೃತ್ತಿಯ ಹೊತ್ತಿಗೆ ತಾವೂ ಒಂದಿಷ್ಟು ಸ್ವಯಂನಿವೃತ್ತಿ ಪಡೆದದ್ದರಲ್ಲಿ ಆಶ್ಚರ್ಯವಿಲ್ಲ. ಕಿವಿಯೊಳಗಿಡುವ ಯಂತ್ರವನ್ನೂ ಕೊಂಡೆ. ಅದನ್ನು ಹಾಕಿಕೊಂಡರೆ ಚಮಚ ಬಿದ್ದ ಸದ್ದು ಸಿಡಿಲಿನಂತಾಗುತ್ತಿತ್ತು. ಹಕ್ಕಿ ಮಾತ್ರ ಯಂತ್ರಕ್ಕೂ ನಿಲುಕದೆ ಬಾಯಿ ಆಡಿಸುತ್ತಲೇ ಇತ್ತು. ಯಂತ್ರ ಡಬ್ಬಿ ಸೇರಿತು.

ಹೀಗೆ ಸ್ವಂತ ಬಾಯಿಯೊಳಗಿನ ದ್ವಿಜರೂ, ಹಕ್ಕಿಗೂ ಹಲ್ಲಿಗೂ ಅದೊಂದೇ ಹೆಸರು, ಒಬ್ಬೊಬ್ಬರಾಗಿ ವಲಸೆ ಹೊರಟಿರುವ ವಯಸ್ಸಿನಲ್ಲಿ, ಅರ್ಧ ಕಿವುಡಿಯೊಬ್ಬಳು ಪಕ್ಷಿವೀಕ್ಷಕಿಯಾಗುವುದು ಹಾಸ್ಯಾಸ್ಪದವೇ ಸರಿ. ಆದರೆ ಕರೆದವಳು ಸವಿತಾ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಊರಿನ ಆಸಕ್ತರನ್ನು ಸೇರಿಸಿ, ಚಳಿಗಾಲದ ಅತಿಥಿ ಹಕ್ಕಿಗಳು ನಮ್ಮ ಕಡೆಯಿಂದ ಯಾವಾಗ ಹೊರಡುತ್ತವೆ, ಇಲ್ಲೇ ಉಳಿದವು ಎಲ್ಲಿ ಗೂಡು ಕಟ್ಟುತ್ತವೆ ಎಂದು ವಸಂತದುದ್ದಕ್ಕೂ ದಾಖಲಿಸುವ ಕೆಲಸವನ್ನು ಅವಳು ಹಮ್ಮಿಕೊಂಡಿದ್ದಳು. ನಿಯಮಗಳು ಸರಳ. ಗೂಡಿನ ಹತ್ತಿರ ಹೋಗಬಾರದು. ಕಂಡದ್ದು, ಕೇಳಿದ್ದು ಎರಡನ್ನೇ ಬರೆಯಬೇಕು, ಊಹಿಸಿದ್ದು ಬೇಡ. ಸಾಹಿತ್ಯ ಓದಿದವರಿಗೆ ಈ ಕೊನೆಯದು ಕಷ್ಟ ಎಂದು ನನ್ನ ಕಡೆ ನೋಡಿ ನಕ್ಕಳು. ಒಂದು ಕಾಲದಲ್ಲಿ ನಾನು ಅವಳ ನಿಬಂಧಕ್ಕೆ ಕಲ್ಪನೆ ಸಾಲದು ಎಂದು ಷರಾ ಬರೆದಿದ್ದೆನಂತೆ.

ನನ್ನ ಜೊತೆಗೆ ಹೊರಟವರು ಪಕ್ಕದ ಮನೆಯ ಜುಬೇದಾ ಆಪಾ. ನನಗಿಂತ ಐದಾರು ವರ್ಷ ಹಿರಿಯರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲಿನ ಕಾಲದಲ್ಲಿ, ಸಮುದ್ರದ ಮೊರೆತದಂಥ ಗೊರಗೊರದ ಆಚೆಯಿಂದ ಬರುವ ಹಲೋ ಎಂಬ ಎರಡಕ್ಷರವನ್ನು ಹೆಕ್ಕಿ ತೆಗೆಯುವುದೇ ಅವರ ವೃತ್ತಿಯಾಗಿತ್ತು. ಆ ಕಿವಿಗಳು ಇಂದಿಗೂ ಹೊಳಪು ಕಳೆದುಕೊಂಡಿಲ್ಲ. ಹೊಳಪು ಕಳೆದದ್ದು ಕಣ್ಣು. ಕಣ್ಣೊಳಗಿನ ಒತ್ತಡದ ಆ ಕಾಯಿಲೆಗೆ ಅವರ ಮನೆಯ ಮಾತಿನಲ್ಲಿ ಕಾಲಾ ಮೋತಿಯಾ, ಅಂದರೆ ಕರಿಮುತ್ತು, ಎನ್ನುತ್ತಾರೆ. ಕಾಯಿಲೆಗೂ ಇಷ್ಟು ಚೆಂದದ ಹೆಸರಿಡಲು ಉರ್ದುವಿಗೆ ಮಾತ್ರ ಸಾಧ್ಯ. ದಿನಕ್ಕೆರಡು ಸಲ ಕಣ್ಣಿಗೆ ಹನಿ ಬಿಟ್ಟುಕೊಂಡು ಇದ್ದಷ್ಟನ್ನು ಉಳಿಸಿಕೊಳ್ಳಬೇಕು, ಹೋದದ್ದು ಮರಳುವುದಿಲ್ಲ. ಎದುರಿಗಿನದು ಅವರಿಗೆ ಸ್ಪಷ್ಟವಾಗಿಯೇ ಕಾಣುತ್ತದೆ, ಸೂಜಿಗೆ ದಾರ ಕೂಡ ಪೋಣಿಸುತ್ತಾರೆ. ಆದರೆ ಬದಿಗಳು ಇಲ್ಲ, ಮೇಲು ಕೆಳಗು ಇಲ್ಲ. ಪೇಪರ್ ಸುರುಳಿ ಸುತ್ತಿ ಅದರೊಳಗಿಂದ ನೋಡಿದಂಗ ಎಂದು ಅವರೇ ಒಮ್ಮೆ ವಿವರಿಸಿದ್ದರು.

ಕುಸನೂರ ಎಂಬುದು ಒಂದು ಕಾಲಕ್ಕೆ ಕಲಬುರಗಿಯ ಆಚೆಗಿದ್ದ ಹಳ್ಳಿ. ಈಗ ನಗರವೇ ನಡೆದುಕೊಂಡು ಹೋಗಿ ಅದನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಿದೆ. ಆದರೂ ಸೈಟುಗಳ ನಡುವೆ ಅಲ್ಲಲ್ಲಿ ಒಂದು ಜೋಳದ ಹೊಲ, ಒಂದು ಜಾಲಿಯ ಗುಂಪು ಉಳಿದುಕೊಂಡಿವೆ. ಬೆಳಿಗ್ಗೆ ಆಟೋದಲ್ಲಿ ಅಲ್ಲಿಗೆ ಹೋಗಿ ನಾವಿಬ್ಬರೂ ಬೇಲಿಯ ಬದಿಯಲ್ಲಿ ನಡೆಯುತ್ತಿದ್ದೆವು. ಮೊದಲ ವಾರದಲ್ಲಿಯೇ ನಮ್ಮ ಅಪೂರ್ಣತೆಗಳು ಒಂದಕ್ಕೊಂದು ಪೂರಕವಾಗಿವೆ ಎಂಬುದು ಗೊತ್ತಾಯಿತು. ಅವರು ಥಟ್ಟನೆ ನಿಂತು ಎಡಗಡೆ ಮೇಲೆ ಎಂದು ಬೆರಳು ತೋರುವರು. ನಾನು ದುರ್ಬೀನು ಎತ್ತಿ ಅಲ್ಲಿ ಕುಳಿತದ್ದು ಯಾವುದೆಂದು ಹೇಳುವೆನು. ಶ್ರುತಿ ಅವರದು, ದೃಷ್ಟಿ ನನ್ನದು.

ಆದರೆ ನನ್ನ ದೃಷ್ಟಿಗೊಂದು ದೋಷವಿತ್ತು, ಅದು ಬಾಯಿಂದ ಹೊರಬೀಳುವಾಗ ಅಲಂಕಾರ ತೊಟ್ಟು ಬರುತ್ತಿತ್ತು. ಜಾಲಿಯ ಮರದ ತುಂಬ ಗುಲಾಬಿ ಕಬ್ಬಕ್ಕಿಗಳು ಕಿಕ್ಕಿರಿದು ಕುಳಿತಿದ್ದ ಒಂದು ಮುಂಜಾನೆ ನಾನು ಉಷೆಯ ಅರುಣಿಮೆಯನ್ನೂ ಕಜ್ಜಲವನ್ನೂ ಕಲಸಿ ಒಂದು ವಾಕ್ಯ ಕಟ್ಟುತ್ತಿದ್ದಾಗ ಆಪಾ ಮೆಲ್ಲಗೆ ತಡೆದರು.

"ಟೀಚರ್, ಅಷ್ಟು ದೊಡ್ಡ ಮಾತು ಬ್ಯಾಡ್ರಿ. ಬಣ್ಣ ಹೇಳ್ರಿ."

"ತಲಿ ಕರೀದು. ಬೆನ್ನು, ಹೊಟ್ಟಿ ಗುಲಾಬಿ."

"ಹಾಂ, ಈಗ ಕಂಡ್ವು," ಎಂದರು.

ನಿವೃತ್ತಿಯ ನಂತರ ನನ್ನ ಗದ್ಯಶೈಲಿ ಸುಧಾರಿಸಿದೆ ಎಂದು ಯಾರಾದರೂ ಹೇಳಿದರೆ ಅದರ ಶ್ರೇಯಸ್ಸು ಆ ಬೆಳಗಿಗೆ ಸಲ್ಲಬೇಕು.

ಕಬ್ಬಕ್ಕಿಗಳು ದೂರದ ಉತ್ತರದಿಂದ ಬಂದವು. ಚಳಿಗಾಲವಿಡೀ ನಮ್ಮ ಹೊಲಗಳಲ್ಲಿ ಮಿಡತೆ ಹಿಡಿದು, ಜೋಳ ತಿಂದು, ಸಂಜೆಯ ಆಕಾಶದಲ್ಲಿ ಹೊಗೆಯ ಹಾಗೆ ಸುರುಳಿ ಸುತ್ತಿ, ನೆಹರು ಗಂಜಿನ ತೊಗರಿಯ ಚೀಲಗಳ ಮೇಲೆ ಹುಟ್ಟಿ ಅಲ್ಲೇ ಮುದಿಯಾಗುವ ಪಾರಿವಾಳಗಳಿಗೆ ಗೊತ್ತೇ ಇರದ ದಾರಿಗಳನ್ನು ಎದೆಯಲ್ಲಿಟ್ಟುಕೊಂಡು ಬದುಕುತ್ತವೆ. ಬೇವು ಚಿಗುರುವ ಹೊತ್ತಿಗೆ ಅವುಗಳ ಗದ್ದಲ ಹೆಚ್ಚಾಯಿತು. ಪ್ರಯಾಣದ ಹಿಂದಿನ ದಿನದ ಮನೆಯಂತೆ ಇಡೀ ಮರ ಗಿಜಿಗುಡುತ್ತಿದೆ ಎಂದರು ಆಪಾ. ನನಗೆ ಕೇಳಿಸಿದ್ದು ದೂರದ ನೀರಿನಂಥ ಒಂದು ಮರ್ಮರ ಮಾತ್ರ. ಒಂದು ಬೆಳಿಗ್ಗೆ ಹೋದಾಗ ಮರ ಖಾಲಿ. ಎಲೆ ಅಲುಗುತ್ತಿರಲಿಲ್ಲ. ಆಪಾ ಮುಖ ಮೇಲೆತ್ತಿ ಬಹಳ ಹೊತ್ತು ನಿಂತರು. ಆಚೆ ಕಡೆಯವರು ರಿಸೀವರ್ ಇಟ್ಟ ಮೇಲೆ ಲೈನಿನಲ್ಲಿ ಉಳಿಯುತ್ತಿದ್ದ ಮೌನ ಹೀಗೆಯೇ ಇರುತ್ತಿತ್ತು ಎಂದು ಹೇಳಿದರು. ಆ ದಿನ ನಾವು ದಾಖಲಿಸಿದ್ದು ಒಂದು ಇಲ್ಲದಿರುವಿಕೆಯನ್ನು. ವ್ಯಾಕರಣದಲ್ಲಿ ಲೋಪವನ್ನೂ ಒಂದು ಸಂಧಿಯೆಂದು ಎಷ್ಟೋ ವರ್ಷ ಕಲಿಸಿದ್ದೆ. ಅದರ ಅರ್ಥ ಆ ಖಾಲಿ ಜಾಲಿಯ ಕೆಳಗೆ ತುಸು ಹೊಳೆದ ಹಾಗಾಯಿತು.

ಅತಿಥಿಗಳು ಹೋದ ಮೇಲೆ ಮನೆಯವರ ಸರದಿ. ಗೂಡುಗಳನ್ನು ನೋಡಲು ಆಪಾ ತಮ್ಮ ತವರಿಗೆ ಕರೆದರು. ಕಮಲಾಪುರದಲ್ಲಿ ಅವರ ತಮ್ಮ ಇಸ್ಮಾಯಿಲ್ ಅವರ ಬಾಳೆಯ ತೋಟವಿದೆ. ಆ ಊರಿನ ಕೆಂಪು ಬಾಳೆ. ಬಸ್ಸಿನ ಕಿಟಕಿಯಿಂದ ಹೊರಗೆ ನಮ್ಮ ಕರಿಮಣ್ಣು ನಿಧಾನವಾಗಿ ಕೆಂಪಾಗುತ್ತ ಹೋಗುವುದನ್ನೂ, ಗುಡ್ಡದ ಓರೆಯಲ್ಲಿ ಎಲೆಯೇ ಇಲ್ಲದ ಮುತ್ತುಗದ ಮರಗಳು ಹೂವಿನ ಕೆಂಡ ಹೊತ್ತು ನಿಂತಿರುವುದನ್ನೂ ನೋಡುತ್ತ, ನೋಡಿದ್ದನ್ನು ಚಿಕ್ಕ ಮಾತುಗಳಲ್ಲಿ ಆಪಾಗೆ ಹೇಳುತ್ತ, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ ಹೋದ ಆ ಪ್ರಯಾಣ ಈಗಲೂ ಕಣ್ಣು ಮುಚ್ಚಿದರೆ ನನ್ನೊಳಗೆ ಚಲಿಸುತ್ತದೆ.

ತೋಟದ ಮೇಲ್ಗಡೆ ಗರಸು ಕಲ್ಲಿನ, ಉಳದೆ ಪಡಾ ಬಿಟ್ಟ ಒಂದು ಜಮೀನಿತ್ತು. ನಾವು ಅದನ್ನು ದಾಟಿ ಗುಡ್ಡದ ಕಡೆ ಹೊರಟಿದ್ದೆವು. ಇದ್ದಕ್ಕಿದ್ದಂತೆ ಟಿಟ್ಟಿಭವೊಂದು ನೆಲದಿಂದೆದ್ದು ಕೂಗುತ್ತ ನಮ್ಮ ತಲೆಯ ಮೇಲೆ ಸುತ್ತತೊಡಗಿತು. ಅದರ ದನಿ ನನಗೂ ಕೇಳುವಷ್ಟು ಒರಟು. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು ಎಂದು ಹೇಳುತ್ತ ನಾನು ದುರ್ಬೀನಿನಲ್ಲಿ ಹಕ್ಕಿಯ ಹಿಂದೆಯೇ ಆಕಾಶದಲ್ಲಿ ತಿರುಗುತ್ತಿದ್ದೆ. ಆಪಾ ಕೂಗು ಬಂದ ದಿಕ್ಕಿಗೆ ಮುಖ ತಿರುಗಿಸಿ ಒಂದು ಹೆಜ್ಜೆ ಪಕ್ಕಕ್ಕಿಟ್ಟರು. ಟಿಟ್ಟಿಭ ಗೂಡು ಕಟ್ಟುವುದಿಲ್ಲ; ಬರಿ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನಂಥದೇ ಬಣ್ಣದ ಮೊಟ್ಟೆ ಇಡುತ್ತದೆ. ಚಪ್ಪಲಿಯ ಕೆಳಗೆ ಆದ ಸಣ್ಣ ಸದ್ದು ನನಗೆ ಕೇಳಲಿಲ್ಲ. ಆಪಾಗೆ ಕೇಳಿಸಿತು.

ನಾಲ್ಕು ಮೊಟ್ಟೆಗಳಲ್ಲಿ ಒಂದು ಒಡೆದಿತ್ತು. ಅವರು ಬಗ್ಗಿ, ತಮ್ಮ ನೋಟದ ಸಣ್ಣ ವೃತ್ತವನ್ನು ನೆಲದ ಮೇಲೆ ಆಚೀಚೆ ಸರಿಸಿ, ಕೊನೆಗೆ ಅದರ ಮೇಲೆ ನಿಲ್ಲಿಸಿದರು. ಮೇಲೆ ಹಕ್ಕಿ ಕೂಗುತ್ತಲೇ ಇತ್ತು. ನಾನು ಅವರ ಕೈ ಹಿಡಿದು ದೂರ ಕರೆತಂದೆ. ಬಾಳೆಯ ನೆರಳಿನಲ್ಲಿ ಕೂತಾಗ, ಇದನ್ನು ಬರೆಯುವುದೇನೂ ಬೇಡ, ಮೂರು ಮೊಟ್ಟೆ ಕಂಡೆವು ಎಂದರಾಯಿತು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನಾಲ್ಕು ಇದ್ವು ಅಂತ ಬರೀರಿ. ಒಂದು ನನ್ನ ಕಾಲಾಗ ಹೋತು ಅಂತನೂ ಬರೀರಿ. ಇಲ್ಲಾಂದ್ರ ನಾವು ಬರ್ದದ್ದೆಲ್ಲಾ ಸುಳ್ಳೇ ಆಗ್ತದ."

ಬರೆದೆ. ಸವಿತಾ ಫೋನು ಮಾಡಿದಳು, ಯಾರನ್ನೂ ಆಕ್ಷೇಪಿಸಲಿಲ್ಲ. ಇನ್ನು ಯಾರೂ ಆ ಜಮೀನಿನೊಳಗೆ ಕಾಲಿಡಬಾರದು, ತೋಟದ ಅಂಚಿನಿಂದಲೇ ನೋಡಬೇಕು, ಹಕ್ಕಿ ಮತ್ತೆ ಕಾವಿಗೆ ಕೂರುತ್ತದೋ ಇಲ್ಲವೋ ಎಂಬುದೇ ಈಗ ಮುಖ್ಯ ಎಂದಳು.

ಕಲಬುರಗಿಗೆ ಮರಳಿದ ಮೇಲೆ ಆಪಾ ಬರುವುದನ್ನು ನಿಲ್ಲಿಸಿದರು. ಮೊದಲು ಮೊಣಕಾಲು ನೋವೆಂದರು, ಆಮೇಲೆ ಬಿಸಿಲೆಂದರು. ನಾನೊಬ್ಬಳೇ ಕುಸನೂರಿಗೆ ಹೋಗಿ, ಕೊಕ್ಕು ತೆರೆದು ಮುಚ್ಚುವ ಹಕ್ಕಿಗಳ ಮೂಕಚಿತ್ರ ನೋಡಿ ಬರುತ್ತಿದ್ದೆ. ಒಬ್ಬಳೇ ಕಮಲಾಪುರಕ್ಕೂ ಹೋದೆ. ಇಸ್ಮಾಯಿಲ್ ಆಡುಗಳು ನುಗ್ಗದಂತೆ ಆ ಜಮೀನಿನ ದಾರಿಗೆ ಜಾಲಿಯ ಮುಳ್ಳು ಎಳೆದಿದ್ದರು. ಬಾಳೆಗಳ ಹಿಂದೆ ಕುಳಿತು ನೋಡಿದೆ. ಹಕ್ಕಿ ಕಾವಿಗೆ ಕುಳಿತಿತ್ತು. ಉರಿ ಬಿಸಿಲಿನಲ್ಲಿ ಜೋಡಿಯ ಇನ್ನೊಂದು ತೋಟದ ಕಾಲುವೆಗಿಳಿದು, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು, ಕಾವು ಕೊಡುವುದಕ್ಕಲ್ಲ, ತಂಪು ಕೊಡುವುದಕ್ಕೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ತಾಯ್ತನಕ್ಕೆ ತಣ್ಣೀರೂ ಬೇಕು.

ಸಂಜೆ ಇದನ್ನೆಲ್ಲ ಹೇಳಲು ಹೋದಾಗ ಆಪಾ ಕೇಳಿಸಿಕೊಂಡರು, ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತೀರಿ, ಕಥೆ ಕಟ್ಟುವುದು ನಿಮಗೇನು ಹೊಸದೇ ಎಂದರು. ಅವರ ಮನೆಯ ಪಡಸಾಲೆಯ ಮಧ್ಯದಲ್ಲಿ ಮೊಮ್ಮಗಳು ಅಂಬೆಗಾಲಿಡುತ್ತಿದ್ದಳು. ಆಪಾ ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಎರಡೂ ಕಾಲು ಮೇಲೆತ್ತಿಕೊಂಡು ಕುಳಿತಿದ್ದರು. ನೀರು ಬೇಕಾದರೂ ಸೊಸೆಯನ್ನು ಕರೆಯುತ್ತಿದ್ದರು. ಇದು ನನ್ನ ಗಮನಕ್ಕೆ ಬಂದದ್ದನ್ನು ಅವರೂ ಗಮನಿಸಿದರು. ಸೊಸೆ ಒಳಗೆ ಹೋದಾಗ ದನಿ ತಗ್ಗಿಸಿ ಹೇಳಿದರು; ಪುಣ್ಯಕ್ಕೆ ತಗ್ಗಿದ ದನಿ ನನಗೆ ಕೇಳುತ್ತದೆ.

"ನನ್ನ ಕಾಲು ಎಲ್ಲಿ ಬೀಳ್ತದಂತ ನನಗೇ ಗೊತ್ತಾಗಂಗಿಲ್ರಿ. ಅವತ್ತು ಮೊಟ್ಟಿ. ನಾಳಿಗಿ ಈ ಕೂಸಿನ ಕೈ ಆದ್ರ?"

ಒಬ್ಬರ ಜಗತ್ತು ಅಂಚಿನಿಂದ ಒಳಕ್ಕೆ ಸುಟ್ಟುಕೊಂಡು ಬರುತ್ತಿರುವಾಗ ಸಮಾಧಾನದ ಮಾತುಗಳೆಲ್ಲ ಉಷೆಯ ಅರುಣಿಮೆಯಂತೆ ಕೇಳಿಸುತ್ತವೆ. ಇನ್ನೊಂದು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತೆ. ಆ ದಿನದಿಂದ ಬಹಳಷ್ಟು ಸಂಜೆ ಹಾಗೆಯೇ ಹೋಗಿ ಕೂತೆ. ಅವರ ಬಾಗಿಲ ಮುಂದಿನ ಮಲ್ಲಿಗೆ ಬಳ್ಳಿಯಲ್ಲಿ ಯಾವುದೋ ಹಕ್ಕಿ ಸಂಜೆಯ ಕೊನೆಯ ಮಾತು ಆಡುತ್ತಿದ್ದರೆ ಅವರ ತಲೆ ಕೂದಲೆಳೆಯಷ್ಟು ಆ ಕಡೆ ವಾಲುತ್ತಿತ್ತು. ಅದನ್ನು ನೋಡಿಯೇ ಹಕ್ಕಿಯಿದೆ ಎಂದು ನಾನು ತಿಳಿಯುತ್ತಿದ್ದೆ.

ಇಸ್ಮಾಯಿಲ್ ಸವಿತಾಳಿಗೆ ಫೋನು ಮಾಡಿದ್ದು ಬೇಸಿಗೆ ಬಲಿತ ಮೇಲೆ. ಮರಿಗಳು ಹೊರಬಂದಿವೆ, ಎಷ್ಟು ಎಂದು ಗೊತ್ತಾಗುತ್ತಿಲ್ಲ, ಕಲ್ಲುಗಳೇ ಓಡಾಡಿದ ಹಾಗೆ ಕಾಣುತ್ತದೆ ಎಂದರಂತೆ. ಮರುದಿನವೇ ಸವಿತಾ ತನ್ನ ಕಾರಿನಲ್ಲಿ ಬಂದಳು. ಮೂರು ಕಾಲಿನ ಮೇಲೆ ನಿಲ್ಲಿಸಿ ಒಂದೇ ಕಣ್ಣಿನಿಂದ ನೋಡುವ ದೊಡ್ಡ ದುರ್ಬೀನು ತಂದಿದ್ದಳು. ಆಪಾ ಬರುವುದಿಲ್ಲ ಎಂದರು. ಒಡೆದವರೇ ಉಳಿದದ್ದನ್ನೂ ನೋಡಿ ಬರೆಸಬೇಕಲ್ಲವೇ, ದಾಖಲೆ ಅರ್ಧಕ್ಕೆ ನಿಂತರೆ ಹೇಗೆ ಎಂದು ಸವಿತಾ ಗಂಭೀರವಾಗಿ ಕೇಳಿದಳು. ಕರುಣೆಯ ಕರೆಯಾಗಿದ್ದರೆ ಆಪಾ ಖಂಡಿತ ಏಳುತ್ತಿರಲಿಲ್ಲ. ಕೆಲಸದ ಕರೆ ಎಂದಾಗ, ಹಳೆಯ ಉದ್ಯೋಗಸ್ಥೆ, ಬುರ್ಖಾ ತೊಟ್ಟು ಬಂದು ಕಾರಿನಲ್ಲಿ ಕೂತರು.

ಕಮಲಾಪುರದ ತೋಟದಲ್ಲಿ ನನ್ನ ಭುಜದ ಮೇಲೆ ಕೈಯಿಟ್ಟು ನಡೆದರು. ಪ್ರತಿ ಹೆಜ್ಜೆಗೂ ಮುನ್ನ ಕಾಲಿನಿಂದ ನೆಲವನ್ನು ತಡಕುತ್ತಿದ್ದರು. ಬಾಳೆಯ ಅಂಚಿನಲ್ಲಿ ಸವಿತಾ ದುರ್ಬೀನು ನಿಲ್ಲಿಸಿ, ಬಹಳ ಹೊತ್ತು ತಿರುಗಿಸಿ ತಿರುಗಿಸಿ ಒಂದು ಕಡೆ ಬಿಗಿ ಮಾಡಿದಳು. ಮೊದಲು ಅವಳು ನೋಡಿದಳು, ಆಮೇಲೆ ಇಸ್ಮಾಯಿಲ್, ಆಮೇಲೆ ನಾನು. ನಾವೆಲ್ಲ ಒಂದು ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ಆ ತೂತಿಗೆ ಮುಖ ಹಚ್ಚಿದೆವು. ಆತುರದಲ್ಲಿ ನನಗೆ ಬಿಸಿಲಿನ ಝಳ, ಕಲ್ಲುಗಳು, ತಾಯಿಹಕ್ಕಿಯ ಹಳದಿ ಕಾಲು ಇಷ್ಟೇ ಕಂಡದ್ದು. ಮರಿ ಕಾಣಲಿಲ್ಲ.

ಆಪಾ ಬಗ್ಗಿ ಕಣ್ಣಿಟ್ಟರು. ಅವರ ಕೈ ನನ್ನ ಭುಜದ ಮೇಲೆಯೇ ಇತ್ತು. ಬೆರಳುಗಳು ಬಿಗಿಯುತ್ತ ಹೋದವು. ಬಾಳೆಯೆಲೆಗಳು ಗಾಳಿಗೆ ಒಂದನ್ನೊಂದು ಸವರುತ್ತಿದ್ದವು. ಆಮೇಲೆ, ಕಣ್ಣು ತೆಗೆಯದೆಯೇ, ಸವಿತಾಳನ್ನು ಕೇಳಿದರು.

"ಇದರಾಗ ನೋಡೋವಾಗ ನಿಮಗೂ ಇಷ್ಟೇ ಕಾಣ್ತದೇನವ್ವಾ? ಸುತ್ತ ಏನೂ ಇಲ್ಲ, ನಡುವ ಒಂದು ಚಂದ್ರ?"

ಎಲ್ಲರಿಗೂ ಅಷ್ಟೇ ಕಾಣುತ್ತದೆ ಎಂದಳು ಸವಿತಾ.

"ಹಂಗಾದ್ರ ಇಲ್ಲಿ ನಾವೆಲ್ಲಾ ಒಂದೇ ಬಿಡ್ರಿ," ಎಂದರು ಆಪಾ.

ಮತ್ತೆ ನೋಡುತ್ತ ನಿಂತರು. ವರ್ಷಗಳಿಂದ ಸಣ್ಣ ವೃತ್ತವೊಂದರೊಳಗೇ ಇಡೀ ಲೋಕವನ್ನು ಹುಡುಕಿ ಅಭ್ಯಾಸವಾದ ಆ ಕಣ್ಣಿಗೆ ಅವಸರವಿರಲಿಲ್ಲ. ಆಮೇಲೆ ಅವರು ನನಗೆ ಹೇಳತೊಡಗಿದರು. ಒಂದು ಕಲ್ಲಿನ ನೆರಳಾಗ ಕೂತದ, ಬೆನ್ನ ಮ್ಯಾಲ ಚುಕ್ಕಿ ಅವ, ಕೊರಳಿಗೆ ಬಿಳಿ ಪಟ್ಟಿ. ಎದ್ದಿತು, ಓಡ್ತು. ಇನ್ನೊಂದೂ ಅದ. ಎರಡೂ ಅವ್ವನ ಹೊಟ್ಟಿ ಕೆಳಗ ಹೊಕ್ಕವು. ಈಗ ಆ ಹಕ್ಕಿಗೆ ಆರು ಕಾಲು. ಅಲಂಕಾರವಿಲ್ಲದ ಆ ಪುಟ್ಟ ವಾಕ್ಯಗಳು ಒಂದೊಂದಾಗಿ ಬರುತ್ತಿದ್ದಂತೆ ನಾನು ಕಣ್ಣು ಮುಚ್ಚಿಕೊಂಡೆ. ದುರ್ಬೀನಿನಲ್ಲಿ ಕಾಣದ ಮರಿಗಳು ನನಗೆ ಹಾಗೆ ಕಂಡವು.

ಮೂರನೆಯ ಮೊಟ್ಟೆ ಏನಾಯಿತೋ ತಿಳಿಯಲಿಲ್ಲ. ಎರಡು ಮರಿ ಎಂದೇ ಬರೆದೆವು. ಕಂಡವರು ಯಾರು ಎಂಬಲ್ಲಿ ಮೊದಲ ಬಾರಿಗೆ ಅವರ ಹೆಸರು ಬಂತು.

ಮರಳುವ ದಾರಿಯಲ್ಲಿ ಆಪಾ ಕಾರನ್ನು ಸ್ಟೇಶನ್ ಬಜಾರಿನಲ್ಲಿ ನಿಲ್ಲಿಸಲು ಹೇಳಿದರು. ಗುರುತಿನ ಬೆಳ್ಳಿ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ಕೂಸಿಗೆ ಪಾಯಲ್ ಬೇಕು, ಸಣ್ಣ ಗೆಜ್ಜೆ ಇರುವಂಥದು ಎಂದರು. ಅಂಗಡಿಯಾತ ಕೆಂಪು ಮಖಮಲ್ಲಿನ ಮೇಲೆ ಕೆಲವು ಜೊತೆಗಳನ್ನು ಹರಡಿದ. ಆಪಾ ಅವುಗಳ ಕೆತ್ತನೆ ನೋಡಲಿಲ್ಲ. ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ ಕೆಳಗಿಟ್ಟರು. ನಾಲ್ಕನೆಯದನ್ನು ಅಲ್ಲಾಡಿಸಿದಾಗ ಅವರ ಮುಖ ಬೆಳಗಿತು. ನನ್ನ ಕಿವಿಯ ಹತ್ತಿರವೂ ತಂದು ಅಲ್ಲಾಡಿಸಿದರು. ಬೆಳ್ಳಿಯ ಕಾಳುಗಳು ಬೆಳಕಿನಲ್ಲಿ ಕುಣಿದವು. ಸದ್ದು ಮಾತ್ರ ನನ್ನವರೆಗೆ ಬರಲಿಲ್ಲ.

"ಕೇಳಿಸ್ತೇನ್ರಿ ಟೀಚರ್?"

"ಇಲ್ರಿ ಆಪಾ."

"ನನಗ ಕೇಳಿಸ್ತದ," ಎಂದರು ಅವರು. "ಇನ್ನ ಕೂಸು ಮನ್ಯಾಗ ಎಲ್ಲಿದ್ರೂ ಕೇಳಿಸ್ತದ."

ಅಂಗಡಿಯ ಮೂರು ಮೆಟ್ಟಿಲುಗಳನ್ನು ಅವರು ನನ್ನ ಭುಜ ಹಿಡಿಯದೆ, ಗೋಡೆಯನ್ನು ಬೆರಳ ತುದಿಯಿಂದ ಮಾತ್ರ ಮುಟ್ಟುತ್ತ, ಒಬ್ಬರೇ ಇಳಿದರು.